ಹೆಸರು ಆಮೇಲೆ ತಿಳಿಸಲಾಗುವುದು

ಬೆಳಿಗ್ಗೆ ಒಂಬತ್ತು ಹೊಡೆಯುವುದರೊಳಗೆ ಕ್ಲೆಮ್ ರಡಾಮ್ಸ್ಕಿ ಬೇಸ್‌ಬಾಲಿನಲ್ಲಿ ಚೆಂಡೆಸೆಯುವ ಇಬ್ಬರು ಪಿಚರ್‌ಗಳನ್ನು ಬಾಯಲ್ಲೇ ಮಾರಿ, ಒಬ್ಬ ಕ್ಯಾಚರ್‌ನನ್ನು ಕೊಂಡು, ಮೂರನೆಯ ಪಿಚರ್‌ನ ಮೊಣಕೈ ಇನ್ನೆಷ್ಟು ವರ್ಷ ಬಾಳಿಕೆ ಬಂದೀತೆಂದು ಲೆಕ್ಕ ಹಾಕುತ್ತಿದ್ದ. ಅವನದೇ ಅಂತ ಅವನ ಬಳಿ ಇದ್ದದ್ದು ಕೈಗೆ ಮೆತ್ತಿಕೊಂಡಿದ್ದ ಮೈದಾಹಿಟ್ಟು ಮಾತ್ರ.

ಸೇಂಟ್ ಸಿರಿಲ್ ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಗುರುವಾರ ಪಿಯೆರೋಗಿ ಮಾಡುತ್ತಾರೆ. ಲಟ್ಟಿಸಿದ ಹಿಟ್ಟನ್ನು ಲೋಟದ ಬಾಯಿಂದ ದುಂಡಗೆ ಕತ್ತರಿಸಿ, ನಡುವೆ ಆಲೂಗಡ್ಡೆ ಚೀಸಿನ ಉಂಡೆಯಿಟ್ಟು, ಕಡುಬಿನ ಹಾಗೆ ಮಡಚಿ, ಅಂಚನ್ನು ಬೆರಳಲ್ಲಿ ಚಿವುಟಿ ಮುಚ್ಚುವ ಕೆಲಸ. ಶುಕ್ರವಾರ ಊರಿನವರು ಡಜನ್‌ಗಟ್ಟಲೆ ಕೊಂಡೊಯ್ಯುತ್ತಾರೆ. ಚರ್ಚಿನ ಮಾಡು ಇನ್ನೂ ತಲೆಯ ಮೇಲೆ ನಿಂತಿರುವುದು ಫಾದರ್‌ರ ಪ್ರಾರ್ಥನೆಗಿಂತ ಹೆಚ್ಚಾಗಿ ಆ ಆಲೂಗಡ್ಡೆಯಿಂದ. ಚಿವುಟಲು ಬರುವವರೆಲ್ಲ ಉಕ್ಕಿನ ಕಾರ್ಖಾನೆ ಜಗಿದು ಉಗಿದ ಮುದುಕ ಮುದುಕಿಯರು. ಬೇಸಿಗೆಯಲ್ಲಿ ಅವರು ಬೇಸ್‌ಬಾಲ್ ನೋಡುತ್ತಾರೆ, ಚಳಿಗಾಲದಲ್ಲಿ ಬೇಸ್‌ಬಾಲ್ ಮಾತಾಡುತ್ತಾರೆ. ನೋಡುವಾಗ ಸೋಲುವುದು ತಂಡ. ಮಾತಾಡುವಾಗ ಯಾರೂ ಸೋಲುವುದಿಲ್ಲ. ಹಾಗಾಗಿ ಪೋರ್ಟ್ ಆಲ್ಡೆನ್‌ನಲ್ಲಿ ಚಳಿಗಾಲವೇ ಬೇಸಿಗೆಗಿಂತ ಬಿಸಿ.

ಸ್ಟೆಲ್ಲಾ ಹುಡಾಕ್ ಅದೇ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕ್ರೇನ್ ನಡೆಸಿದವಳು. ಜನರನ್ನು ನಲವತ್ತಡಿ ಎತ್ತರದಿಂದ ನೋಡಿ ನೋಡಿ ಅಭ್ಯಾಸವಾಗಿತ್ತು. ಕ್ರೇನ್ ಹೋದರೂ ಎತ್ತರ ಹೋಗಿರಲಿಲ್ಲ. ಕ್ಲೆಮ್‌ನನ್ನು ಕಂಡರಂತೂ ಅವಳಿಗೆ ಒಳಗಿಂದ ಒಂದು ತಿರಸ್ಕಾರ ಉಕ್ಕುತ್ತಿತ್ತು. ಕಾರ್ಖಾನೆ ಮುಚ್ಚಿದ ದಿನ ಒಂಬೈನೂರು ಜನಕ್ಕೆ ಒಂದೇ ಬಗೆಯ ಕಾಗದ ಬಂದಿತ್ತು. ‘ಹೆಚ್ಚುವರಿ’ ಎಂದು ಬರೆದಿತ್ತು ಅದರಲ್ಲಿ. ಆ ಪದ ಓದಿ ಇದೇ ನೆಲಮಾಳಿಗೆಯಲ್ಲಿ ಹಸುಳೆಯ ಹಾಗೆ ಅತ್ತವನು ಕ್ಲೆಮ್. ಈಗ ಅದೇ ಬಾಯಲ್ಲಿ ಆಟಗಾರರನ್ನು ‘ಆಸ್ತಿ’ ಎನ್ನುತ್ತಿದ್ದ.

ಆ ಗುರುವಾರದ ಮಾತೆಲ್ಲ ಒಂದೇ ಹೆಸರಿನ ಸುತ್ತ. ಅಂದರೆ, ಇನ್ನೂ ಹೇಳದ ಒಂದು ಹೆಸರಿನ ಸುತ್ತ. ಊರಿನ ತಂಡ ಸ್ಟೋಕರ್ಸ್, ನವೆಂಬರಿನಲ್ಲಿ ಪಶ್ಚಿಮ ತೀರದ ಒಂದು ಕ್ಲಬ್ಬಿನಿಂದ ಮೂವತ್ತಾರು ವಯಸ್ಸಿನ, ಮಂಡಿ ಸವೆದ ಬ್ಯಾಟರ್ ಒಬ್ಬನನ್ನು ತಂದಿತ್ತು. ಬದಲಿಗೆ ಕೊಡುವುದೇನು? ಕರಾರಿನಲ್ಲಿ ಹೀಗಿತ್ತು: ‘ಒಬ್ಬ ಆಟಗಾರ, ಹೆಸರು ಆಮೇಲೆ ತಿಳಿಸಲಾಗುವುದು.’ ಬೇಸ್‌ಬಾಲಿನಲ್ಲಿ ಇದು ಹಳೆಯ ಪದ್ಧತಿ. ನಾಲ್ಕು ಹೆಸರಿನ ಪಟ್ಟಿ ಹೋಗುತ್ತದೆ. ಆ ಕಡೆಯ ಕ್ಲಬ್ಬಿನವರು ತಿಂಗಳುಗಟ್ಟಲೆ ತಿರುಗಿಸಿ ಮುರುಗಿಸಿ ನೋಡಿ ಒಂದನ್ನು ಆರಿಸುತ್ತಾರೆ. ಆ ನಾಲ್ವರು ಅಷ್ಟು ದಿನವೂ ಮನೆ ಬಾಡಿಗೆ ಹಿಡಿಯಲೋ ಬೇಡವೋ ಎಂದು ಕೂತಿರುತ್ತಾರೆ. ಪಟ್ಟಿ ಗುಟ್ಟಾಗಿರಬೇಕು. ಕ್ರಿಸ್‌ಮಸ್ಸಿನ ವಾರ ಅದು ಪತ್ರಿಕೆಯಲ್ಲಿ ಬಂತು. ಮೂರನೆಯ ಹೆಸರು ಡೆರೆಕ್ ಸೊಬೋಟಾ. ಸ್ಟೋಕರ್ಸ್‌ನ ಕಿರಿಯರ ತಂಡದ ಎಡಗೈ ಪಿಚರ್, ಇದೇ ಚರ್ಚಿನಲ್ಲಿ ದೀಕ್ಷಾಸ್ನಾನವಾದವನು.

ಅವನ ತಾಯಿ ಐರೀನ್ ಒಲೆಯ ಮುಂದೆ ನಿಂತು, ದೊಡ್ಡ ಪಾತ್ರೆಯ ಕುದಿನೀರಿಗೆ ಪಿಯೆರೋಗಿ ಬಿಡುತ್ತಿದ್ದಳು.

"ನಾನಾಗಿದ್ರೆ ಆ ಎಡಗೈಯವನನ್ನೇ ದಾಟಿಸ್ತಿದ್ದೆ," ಎಂದ ಕ್ಲೆಮ್. "ಇಪ್ಪತ್ತೇಳು ವರ್ಷ. ವೇಗ ಎಂಬತ್ತೊಂಬತ್ತು ಮೈಲಿ. ಇನ್ನೇನು ಬೆಳೆಯೋ ಪೈರಲ್ಲ ಅದು. ಹಿಡಿತದ ವರ್ಷ ಎಷ್ಟಿದ್ದು ಏನು ಪ್ರಯೋಜನ?"

"ಹಿಡಿತದ ವರ್ಷ ಅಂದ್ರೆ?" ಎಂದು ಬರ್ನಿ ಕೇಳಿದ. ಬರ್ನಿ ಎಂದರೆ ಎಲ್ಲರ ಮಾತಿಗೂ ತಲೆಯಾಡಿಸುವ, ಎಪ್ಪತ್ತು ದಾಟಿದ ಹಳೆಯ ಬೆಸುಗೆಗಾರ.

"ಆರು ವರ್ಷ ಕಣೋ. ದೊಡ್ಡ ತಂಡಕ್ಕೆ ಬಂದ ಮೇಲೆ ಆರು ವರ್ಷ ಆಟಗಾರ ಬೇರೆ ಕಡೆ ಹೋಗೋ ಹಾಗಿಲ್ಲ. ಕ್ಲಬ್ ಅಗ್ಗದಲ್ಲಿ ಇಟ್ಕೊಬಹುದು. ಅದೇ ಆಸ್ತಿಯ ಬೆಲೆ."

"ನಿನ್ನನ್ನ ಕಾರ್ಖಾನೆಯವರು ಹಾಗೆ ಹಿಡ್ಕೊಂಡಿದ್ರೆ ಯೂನಿಯನ್ ಆಫೀಸಿನ ಬಾಗಿಲಲ್ಲಿ ಕೂತು ಊಳಿಡ್ತಿದ್ದೆ," ಎಂದಳು ಸ್ಟೆಲ್ಲಾ.

"ಅದು ಬೇರೆ, ಇದು ಬೇರೆ."

"ಹೌದಪ್ಪ. ಅಲ್ಲಿ ಚರ್ಮ ನಿಂದು."

ಬರ್ನಿ ನಕ್ಕ. ನಕ್ಕದ್ದು ತಪ್ಪಾಯಿತೇನೋ ಎಂಬಂತೆ ಸೇರಿಸಿದ: "ಪಾಪ, ಮಾಲೀಕರಿಗೂ ಖರ್ಚು ಇರತ್ತಲ್ಲ ಸ್ಟೆಲ್ಲಾ."

"ಪಾಪ ಅಂತೆ! ನಮ್ಮ ತೆರಿಗೆಯಲ್ಲಿ ಸ್ಟೇಡಿಯಂ ಕಟ್ಟಿಸ್ಕೊಂಡು ಫ್ಲಾರಿಡಾದಲ್ಲಿ ದೋಣಿ ಮೇಲೆ ಬಿದ್ಕೊಂಡಿದಾನೆ ಆ ಪ್ರೆಸ್ಕಾಟ್. ನಿನ್ನ ಪಿಂಚಣೀಲಿ ಎರಡು ಡಾಲರ್ ಕಳಿಸಿಬಿಡು, ಚಳಿಗೊಂದು ಕಂಬಳಿ ತಗೊಳ್ಳಲಿ."

"ಭಾವನೆ ಬೇರೆ, ತಂಡ ಕಟ್ಟೋದು ಬೇರೆ," ಎಂದ ಕ್ಲೆಮ್, ಹಿಟ್ಟಿನ ಬಿಲ್ಲೆಯೊಂದನ್ನು ಮಡಚುತ್ತ. ಆಮೇಲೆ ಒಲೆಯ ಕಡೆ ತಿರುಗಿ ಧ್ವನಿ ಮೆದುಗೊಳಿಸಿದ. "ಐರೀನ್, ಬೇಜಾರು ಮಾಡ್ಕೋಬೇಡ. ನಿನ್ನ ಮಗ ಒಳ್ಳೆ ಹುಡುಗ. ನಾನು ಹೇಳ್ತಿರೋದು ಎಡಗೈ ಬಗ್ಗೆ."

"ಎಡಗೈನೂ ನಾನೇ ಹೆತ್ತಿದ್ದು ಕ್ಲೆಮ್," ಎಂದಳು ಐರೀನ್. ತಿರುಗಿ ನೋಡಲಿಲ್ಲ.

ಡೆರೆಕ್‌ಗೆ ಮೊದಲ ಗ್ಲೌಸ್ ಕೊಡಿಸಿದವನು ಇದೇ ಕ್ಲೆಮ್. ಅದು ಅವನಿಗೆ ಮರೆತಿರಲಿಲ್ಲ. ವಾರಕ್ಕೆರಡು ಸಲ ಹೇಳಿಕೊಳ್ಳುತ್ತಿದ್ದ. ಆದರೆ ರೇಡಿಯೋದ ಅಭಿಮಾನಿಗಳ ಕಾರ್ಯಕ್ರಮಕ್ಕೆ ಫೋನ್ ಮಾಡಿ, "ಸೊಬೋಟಾನ ಕೊಟ್ಟು ಕೈ ತೊಳ್ಕೊಳ್ಳಿ" ಎಂದು ಊರಿಗೆಲ್ಲ ಕೇಳುವಂತೆ ಮೂರು ಸಲ ಸಲಹೆ ಕೊಟ್ಟವನೂ ಇವನೇ. ಒಮ್ಮೆಯೂ ಕೈಯಲ್ಲಿ ಚೆಂಡು ಹಿಡಿದು ಸಂಬಳ ಪಡೆಯದವರು, ಪಡೆದವರ ಮೂಳೆಗೆ ಬೆಲೆ ಕಟ್ಟುತ್ತಾರೆ. ಮಾಲೀಕನ ಜೇಬು ಉಳಿದರೆ ತಮ್ಮ ಜೇಬು ತುಂಬಿದಂತೆ ಹಿಗ್ಗುತ್ತಾರೆ. ಇಂಥವರನ್ನು ಸಾಕುವುದಕ್ಕೆ ಮಾಲೀಕನಿಗೆ ಹುಲ್ಲೂ ಬೇಕಿಲ್ಲ ಎಂದು ಸ್ಟೆಲ್ಲಾ ಹಲ್ಲು ಕಡಿಯುತ್ತಿದ್ದಳು.

ಐರೀನ್‌ಗೆ ಬೇಕಾದದ್ದು ಏನೆಂದು ಸ್ಟೆಲ್ಲಾಗೆ ಗೊತ್ತಿತ್ತು, ಉಳಿದವರಿಗೂ ಗೊತ್ತಿತ್ತು. ಹದಿನೈದು ವರ್ಷದಿಂದ ಐರೀನ್ ಆ ಸ್ಟೇಡಿಯಂನಲ್ಲಿ ಕಸ ಗುಡಿಸುತ್ತಾಳೆ. ಆಟ ಮುಗಿದು ಜನ ಚದುರಿದ ಮೇಲೆ ಅವಳ ಪಾಳಿ: ಸೀಟುಗಳ ಕೆಳಗಿನ ಕಡಲೆಕಾಯಿ ಸಿಪ್ಪೆ, ಬಿಯರ್ ಲೋಟ, ಉಗುಳು. ಒಂದು ದಿನ ಪೊರಕೆಯಿಲ್ಲದೆ ಒಳಗೆ ಹೋಗಿ ಕೂತು, ಮೈದಾನದ ನಡುವಿನ ಆ ಮಣ್ಣಿನ ದಿಬ್ಬದ ಮೇಲೆ ಮಗ ಊರಿನ ಅಂಗಿ ತೊಟ್ಟು ನಿಂತಿರುವುದನ್ನು ನೋಡಬೇಕು. ಅಷ್ಟೇ. ಒಂದೇ ದಿನ. ಅವನು ಪಶ್ಚಿಮಕ್ಕೆ ಹೋದರೆ ಅದು ಮುಗಿಯಿತು. ಉಳಿದರೆ ಈ ಬೇಸಿಗೆಯಲ್ಲಿ ದೊಡ್ಡ ತಂಡದಿಂದ ಕರೆ ಬರಬಹುದು.

ಹನ್ನೊಂದಕ್ಕೆ ಹೆಸರು ತಿಳಿಸುತ್ತೇವೆ ಎಂದು ಕ್ಲಬ್ ಹೇಳಿತ್ತು. ಐದು ನಿಮಿಷ ಮೊದಲೇ ಕ್ಲೆಮ್ ರೇಡಿಯೋದ ಸದ್ದು ಹೆಚ್ಚಿಸಿದ. ಎಲ್ಲರ ಬೆರಳೂ ನಿಂತವು. ಐರೀನ್ ಮಾತ್ರ ಜಾಲರಿ ಸೌಟಿನಲ್ಲಿ ಬೆಂದದ್ದನ್ನು ಎತ್ತಿ ಬೆಣ್ಣೆ ತಟ್ಟೆಗೆ ಹಾಕುತ್ತಲೇ ಇದ್ದಳು.

ನಿರೂಪಕ ಬಕ್‌ನ ಗಂಟಲು ಯಾವಾಗಲೂ ಬೆಂಕಿ ಬಿದ್ದ ಮನೆಯಿಂದ ಕೂಗುವವನದು. ಅವನು ಹೇಳಿದ್ದಿಷ್ಟು: ಪಶ್ಚಿಮದ ಕ್ಲಬ್ಬು ಪಟ್ಟಿಯ ನಾಲ್ವರಲ್ಲಿ ಯಾರನ್ನೂ ಆರಿಸಿಲ್ಲ. ಆಟಗಾರನ ಬದಲು ಒಂದಿಷ್ಟು ನಗದು ತೆಗೆದುಕೊಂಡು ಲೆಕ್ಕ ಚುಕ್ತಾ ಮಾಡಿದೆ.

"ಗೆದ್ವಿ!" ಕ್ಲೆಮ್ ಮೇಜು ಗುದ್ದಿದ, ಹಿಟ್ಟು ಹೊಗೆಯಂತೆ ಎದ್ದಿತು. "ಒಬ್ಬನನ್ನೂ ಬಿಡದೆ ಬ್ಯಾಟರ್ ಬಂದ! ನೋಡಿದ್ರಾ ನಮ್ಮವರ ತಲೆ!"

"ಯಾವ ನಮ್ಮವರೋ?" ಎಂದಳು ಸ್ಟೆಲ್ಲಾ. "ನಿನಗೆ ಅದರಲ್ಲಿ ಪಾಲು ಬಂತಾ?"

"ಐರೀನ್, ಡೆರೆಕ್ ಉಳ್ಕೊಂಡ!" ಎಂದು ಬರ್ನಿ ಕೂಗಿದ. ಐರೀನ್ ಸೌಟು ಕೆಳಗಿಟ್ಟು, ಏಪ್ರನ್ನಿನಲ್ಲಿ ಮುಖ ಒರೆಸಿಕೊಂಡಳು. ಕ್ರಿಸ್‌ಮಸ್ಸಿನಿಂದೀಚೆಗೆ ಸ್ಟೆಲ್ಲಾ ಅವಳ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು. "ಏಪ್ರಿಲ್‌ಗೆ ನನ್ನ ಜೊತೆ ಬರ್ತೀಯೇನೇ?" ಎಂದಳು. "ಟಿಕೆಟ್ ತಗೊಂಡೇ ಹೋಗೋಣ. ಆಮೇಲೆ ಸಿಪ್ಪೇನ ನೆಲಕ್ಕೇ ಹಾಕ್ತೀನಿ, ನೋಡ್ತಿರು."

ಹತ್ತು ನಿಮಿಷ ಕಳೆದಿರಲಿಲ್ಲ, ಐರೀನ್‌ಳ ಫೋನ್ ರಿಂಗಾಯಿತು. ಮಗನದು. ಅವಳು ಕೇಳಿಸಿಕೊಂಡಳು, "ಹೂಂ" ಎಂದಳು, ಮತ್ತೆ "ಹೂಂ" ಎಂದಳು. ಫೋನನ್ನು ಒಲೆಯ ಪಕ್ಕದ ಕಟ್ಟೆಯ ಮೇಲೆ ಇಟ್ಟಳು. ಸ್ಟೆಲ್ಲಾ ಹತ್ತಿರ ಹೋದಳು.

"ಬಿಡುಗಡೆ ಮಾಡಿದಾರೆ," ಎಂದಳು ಐರೀನ್, ತಗ್ಗಿದ ಧ್ವನಿಯಲ್ಲಿ.

ಬಿಡುಗಡೆ. ಕೆಲಸದಿಂದ ಕಿತ್ತೆಸೆಯುವುದಕ್ಕೆ ಕ್ಲಬ್ಬಿನ ಭಾಷೆಯಲ್ಲಿ ಹಾಗೆನ್ನುತ್ತಾರೆ, ಜೈಲಿನ ಬೀಗ ತೆಗೆದ ಪುಣ್ಯ ತಮ್ಮದು ಎಂಬಂತೆ.

"ಯಾಕಂತೆ?"

"ಪುಕ್ಕಟೆ ಕೊಡ್ತೀವಿ ಅಂದ್ರೂ ಅವರು ಬೇಡ ಅಂದ್ರು. ಮತ್ತೆ ನಾವ್ಯಾಕೆ ಇಟ್ಕೋಬೇಕು ಅಂದ್ರಂತೆ. ಎಂಟು ವರ್ಷ ಸ್ಟೆಲ್ಲಾ. ಎರಡು ನಿಮಿಷದ ಫೋನು." ಐರೀನ್ ಉಸಿರೆಳೆದುಕೊಂಡಳು. "ಈಗ ಮರಿಸ್ಸಾಗೆ..."

ಸ್ಟೆಲ್ಲಾ ಮುಂದಿನದನ್ನು ಕೇಳಲಿಲ್ಲ. ಬೆನ್ನ ಹಿಂದೆ ಕ್ಲೆಮ್ ಇನ್ನೂ ಗೆಲ್ಲುತ್ತಿದ್ದ. ರೇಡಿಯೋದಲ್ಲಿ ಯಾರೋ ಒಬ್ಬ ಪ್ಲಂಬರ್ ಕ್ಲಬ್ಬಿನ ಜಾಣತನವನ್ನು ಹೊಗಳುತ್ತಿದ್ದ. ಅವಳ ಕಿವಿಯಲ್ಲಿ ಕುದಿನೀರೇ ಹೊಕ್ಕಂತಾಯಿತು. ಕಾರ್ಯಕ್ರಮದ ನಂಬರು ಊರಿನ ಮಕ್ಕಳಿಗೂ ಬಾಯಿಪಾಠ. ಸ್ಟೆಲ್ಲಾ ತನ್ನ ಫೋನ್ ತೆಗೆದು ಗುಂಡಿ ಒತ್ತಿದಳು. ಜನ್ಮದಲ್ಲಿ ಮೊದಲ ಸಲ. ಇಂಥ ಕೆಲಸ ಮಾಡುವವರನ್ನು ಅವಳು ಬೆಕ್ಕಿನ ವಾಂತಿಗಿಂತ ಕೀಳಾಗಿ ಕಂಡಿದ್ದಳು.

ಅದೃಷ್ಟವೋ ದುರದೃಷ್ಟವೋ, ಹೆಸರು ಕೇಳಿಕೊಂಡು ಕೂಡಲೇ ಕಾರ್ಯಕ್ರಮದೊಳಗೆ ಬಿಟ್ಟರು.

"ಹೇಳಿ ಸ್ಟೆಲ್ಲಾ, ಖುಷಿಯಾ ಇವತ್ತು?" ಎಂದ ಬಕ್.

"ಖುಷಿ? ನಿಮ್ಮ ಪ್ರೆಸ್ಕಾಟ್ ಒಬ್ಬ ಸೂಳೆಮಗ," ಎಂದಳು ಸ್ಟೆಲ್ಲಾ. "ಯಾರನ್ನೂ ಬಿಟ್ಟಿಲ್ಲ ಅಂತ ಕುಣೀತಿದೀರಲ್ಲ, ಕೇಳಿ. ಹತ್ತು ನಿಮಿಷದ ಹಿಂದೆ ಡೆರೆಕ್ ಸೊಬೋಟಾನ ಮನೆಗೆ ಕಳಿಸಿದಾರೆ. ಡೆರೆಕ್ ಸೊಬೋಟಾ. ಹೆಸರು ಬರ್ಕೊಳ್ಳಿ. ಪುಕ್ಕಟೆಗೂ ಯಾರಿಗೂ ಬೇಡವಾದ ಅಂತ ಎಸೆದ್ರು. ಅವನ ತಾಯಿ ನಿಮ್ಮ ಉಗುಳು ಗುಡಿಸ್ತಾಳೆ. ನೀವೆಲ್ಲ ಸೇರಿ..."

"ಸ್ಟೆಲ್ಲಾ, ಬೇಡ!" ಎಂದು ಐರೀನ್ ಕಿರುಚಿದಳು. ಕೈ ಮುಂದೆ ಚಾಚಿ ಬಂದವಳು ಮೇಜಿನ ಅಂಚಿಗೆ ತಾಗಿ ನಿಂತಳು.

ಆ ಕಾರ್ಯಕ್ರಮದಲ್ಲಿ ಕರೆ ಮಾಡಿದವರ ಮಾತು ಅರ್ಧ ನಿಮಿಷ ತಡವಾಗಿ ಹೊರಗೆ ಬರುತ್ತದೆ. ಯಾರಾದರೂ ಕೆಟ್ಟ ಮಾತಾಡಿದರೆ ಅಳಿಸಲಿಕ್ಕೆಂದು. ಸ್ಟೆಲ್ಲಾ ಬಾಯಿ ಮುಚ್ಚಿದ ಮೇಲೆ ಕಪಾಟಿನ ಮೇಲಿನ ರೇಡಿಯೋದಿಂದ ಅವಳದೇ ದನಿ ಎದ್ದು ಬಂತು. ‘ನಿಮ್ಮ ಪ್ರೆಸ್ಕಾಟ್ ಒಬ್ಬ’ ಎಂದಾದ ಮೇಲೆ ಕೀಂ ಎಂದು ಒಂದು ಸದ್ದು. ಮಾಲೀಕನ ಮಾನವನ್ನು ಬಕ್ ಸರಿಯಾದ ಹೊತ್ತಿಗೆ ಉಳಿಸಿದ್ದ. ಅದರಾಚೆ ಒಂದಕ್ಷರವೂ ಅಳಿಸಿರಲಿಲ್ಲ. ಡೆರೆಕ್ ಸೊಬೋಟಾ, ಡೆರೆಕ್ ಸೊಬೋಟಾ, ಪುಕ್ಕಟೆಗೂ ಯಾರಿಗೂ ಬೇಡವಾದ: ನೀಟಾಗಿ, ಬಿಡಿಬಿಡಿಯಾಗಿ, ಊರಿಗೆ ಊರೇ ಕೇಳುವ ಹಾಗೆ.

"ಬಿಸಿಬಿಸಿ ಸುದ್ದಿ, ಎಲ್ಲರಿಗಿಂತ ಮೊದಲು ನಮ್ಮಲ್ಲೇ!" ಎಂದು ಬಕ್ ಅರಚಿದ. ಹಿಂದೆಯೇ ಟೈರಿನ ಜಾಹೀರಾತು.

"ಮರಿಸ್ಸಾಗೆ ಗೊತ್ತಿಲ್ಲ," ಎಂದಳು ಐರೀನ್.

ಸ್ಟೆಲ್ಲಾ ಫೋನನ್ನು ಕಿವಿಯಿಂದ ಇಳಿಸಿದಳು. ಮರಿಸ್ಸಾ ಡೆರೆಕ್‌ನ ಹೆಂಡತಿ. ಹಲ್ಲಿನ ಡಾಕ್ಟರರ ಬಳಿ ಸ್ವಾಗತದ ಮೇಜಿನಲ್ಲಿ ಕೂರುವವಳು.

"ಸಂಜೆ ಅವಳು ಬಂದ ಮೇಲೆ ತಾನೇ ಹೇಳ್ತೀನಿ ಅಂದಿದ್ದ. ಎದುರಿಗೆ ಕೂರಿಸ್ಕೊಂಡು. ಅಲ್ಲೀವರೆಗೆ ಯಾರಿಗೂ ಹೇಳ್ಬೇಡಮ್ಮಾ ಅಂದ. ಆ ಡಾಕ್ಟರು ದಿನವಿಡೀ ಇದೇ ಸ್ಟೇಷನ್ ಹಾಕಿರ್ತಾನೆ."

"ನನಗೆ ಗೊತ್ತಿರ್ಲಿಲ್ಲ ಕಣೆ ಐರೀನ್."

"ಹೇಳ್ತಿದ್ದೆ. ನೀನು ನಿಲ್ಲಲಿಲ್ಲ."

"ನಾನು ಅವನ ಪರವಾಗಿ..."

"ಅವನು ಕೇಳಿದ್ನಾ?" ಐರೀನ್ ದನಿ ಏರಿಸಲಿಲ್ಲ. "ಕ್ಲೆಮ್‌ನ ಬಾಯಿ ಮುಚ್ಚಿಸ್ಬೇಕಿತ್ತು ನಿನಗೆ. ಅದಕ್ಕೆ ಕೈಗೆ ಸಿಕ್ಕಿದ್ದು ನನ್ನ ಮಗ."

ಒಲೆಯ ಪಕ್ಕದ ಕಟ್ಟೆಯ ಮೇಲೆ ಫೋನ್ ನಡುಗತೊಡಗಿತು. ಪರದೆಯ ಮೇಲೆ ಮರಿಸ್ಸಾಳ ಹೆಸರು. ಎಲ್ಲರೂ ನೋಡಿದರು. ಬರ್ನಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ, ಸಾವಿನ ಮನೆಗೆ ಬಂದವನಂತೆ.

"ತಗೋ ಐರೀನ್," ಎಂದಳು ಸ್ಟೆಲ್ಲಾ.

"ಏನಂತ ಹೇಳ್ಲಿ? ನೀನೇ ಹೇಳ್ಕೊಡು. ನಿಂಗೆ ಚೆನ್ನಾಗಿ ಬರುತ್ತಲ್ಲ."

ಐರೀನ್ ಒದ್ದೆಗೈಯಲ್ಲೇ ಫೋನ್ ಎತ್ತಿಕೊಂಡು, "ಮಗಳೇ, ಕೇಳು" ಎನ್ನುತ್ತ ಮೆಟ್ಟಿಲು ಹತ್ತಿದಳು. ಮೇಲಿನ ಬಾಗಿಲು ಮುಚ್ಚಿಕೊಂಡಿತು. ಪಾತ್ರೆಯ ನೀರು ಉಕ್ಕಿ ಒಲೆಯ ಮೇಲೆ ಚುಂಯ್ ಎಂದಾಗ ಬರ್ನಿ ಹೋಗಿ ಉರಿ ತಗ್ಗಿಸಿದ.

ಸ್ಟೆಲ್ಲಾ ಮೇಜಿನ ಮುಂದೆ ಕೂತಳು. ಕ್ಲೆಮ್ ತನ್ನ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಬಂದ. ಇಷ್ಟು ವರ್ಷದಲ್ಲಿ ಅವನು ಅವಳನ್ನು ಇಂಥ ಗೌರವದಿಂದ ನೋಡಿದ್ದೇ ಇಲ್ಲ.

"ಇಪ್ಪತ್ತು ವರ್ಷದಿಂದ ಫೋನ್ ಮಾಡ್ತಿದೀನಿ ಸ್ಟೆಲ್ಲಾ," ಎಂದ. "ಒಂದ್ಸಲಾನೂ ಎಲ್ಲರಿಗಿಂತ ಮೊದಲು ಸುದ್ದಿ ಕೊಡೋಕೆ ಆಗ್ಲಿಲ್ಲ ನನ್ನ ಕೈಲಿ. ನೀನು ಮೊದಲ ಕರೆಯಲ್ಲೇ ಕೊಟ್ಟೆ ನೋಡು." ಹಿಟ್ಟು ಮೆತ್ತಿದ ಕೈಯನ್ನು ಅವಳ ಹೆಗಲ ಮೇಲಿಟ್ಟ. "ಮುಂದಿನ ಗುರುವಾರ ಇಬ್ರೂ ಸೇರಿ ಫೋನ್ ಮಾಡೋಣ್ವಾ?"

ಸ್ಟೆಲ್ಲಾ ಆ ಕೈಯನ್ನು ಕೊಡವಿ ಹಾಕಲು ಹೆಗಲೆತ್ತಿದಳು. ಕೈ ಅಲ್ಲೇ ಇತ್ತು.