ಕೊಂಡಿಯ ಕಬ್ಬಿಣ

“ಮೆಲ್ಲಗೆ ಬಿಡ್ರಪ್ಪಾ! ಎಡಗಡೆಯವರು ಇನ್ನೊಂಚೂರು ಸಡಿಲ ಮಾಡಿ!” ಎಂದು ಬೋರಿಯೆ ಕೂಗಿದ. ಮುದುಕರ ಕೈಗಳಿಂದ ಪಟ್ಟಿಗಳು ಜಾರಿ, ಸಿಗ್ನೆಯ ಶವಪೆಟ್ಟಿಗೆ ಗುಂಡಿಯ ತಳ ಮುಟ್ಟಿತು.

ಗಂಡ ಎವರ್ಟ್ ಕೈಗವಸು ಕಳಚಿ ಒಂದು ಹಿಡಿ ಮಣ್ಣು ಹಾಕಿದ. ಚಳಿಗಾಲವಿಡೀ ಉಸಿರಿಗಾಗಿ ಒದ್ದಾಡಿದವಳು, ಹಿಮ ಕರಗುವ ಹೊತ್ತಿಗೆ ಒಂದು ಬೆಳಗ್ಗೆ ಕಾಫಿ ಕೇಳಿ, ಅರ್ಧ ಕುಡಿದು, ನಿದ್ದೆಯಲ್ಲೇ ಹೋಗಿದ್ದಳು.

“ನೀನು ಅಳಲೇ ಇಲ್ಲ,” ಎಂದ ಗಣಿಯ ಹಳೆಯ ಜೊತೆಗಾರ ಬೋರಿಯೆ, ಚರ್ಚಿನ ಊಟದ ಮನೆಯತ್ತ ನಡೆಯುತ್ತ.

“ಅವಳಿಗೆ ಬಿಡುಗಡೆ ಆಯ್ತಲ್ಲ ಕಣೋ. ನಂಗೂ ಎದೆ ಹಗುರ.”

“ಮಾಟಗಾತಿ ಅಂತಿದ್ವಿ ಅವಳನ್ನ.”

“ಎದುರಿಗೆ ಅನ್ನೋ ಧೈರ್ಯ ನಿಮಗ್ಯಾರಿಗೂ ಇರಲಿಲ್ಲ ಬಿಡು.”

ಇಬ್ಬರೂ ನಕ್ಕರು.

*

ಉತ್ತರ ಸ್ವೀಡನ್ನಿನ ಆ ಗಣಿಯೂರಿನಲ್ಲಿ, ವಯಸ್ಸಿನ ಕಾಲದಲ್ಲಿ, ಸಿಗ್ನೆಯದು ಕಬ್ಬಿಣ ಪರೀಕ್ಷಿಸುವ ಕೆಲಸ. ತುಂಡನ್ನು ಕನ್ನಡಿಯಂತೆ ಉಜ್ಜಿ, ಆಸಿಡ್ ಸವರಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಲೋಹದ ಹರಳುಗಳು ಒತ್ತೊತ್ತಾಗಿ ಕಾಣುತ್ತಿದ್ದವು.

ಅದೊಂದು ಜನವರಿ, ಉಗುಳಿದ್ದು ನೆಲಕ್ಕೆ ಬೀಳುವ ಮೊದಲೇ ಹೆಪ್ಪುಗಟ್ಟುವಂಥ ಚಳಿ. ಗಣಿಯ ಎರಡು ಲಿಫ್ಟ್‌ಗಳಲ್ಲಿ ಒಂದನ್ನು ದುರಸ್ತಿಗೆ ಬಿಚ್ಚಿದಾಗ, ಅದನ್ನು ಹಗ್ಗಕ್ಕೆ ಬಿಗಿಯುವ ಕೊಂಡಿಯ ಚೂರು ಅವಳ ಮೇಜಿಗೆ ಬಂತು. ಹರಳುಗಳ ಒಳಗೆ ಸೂಜಿಯಿಂದ ಗೀರಿದಂಥ ನೇರ ಗೆರೆಗಳು. ಒಳ್ಳೆಯ ಕಬ್ಬಿಣದಲ್ಲಿ ಭಾರ ಹೆಚ್ಚಿದಾಗ ಹರಳಿನ ಪದರಗಳು ಜಾರುತ್ತವೆ. ಕಬ್ಬಿಣ ಬಾಗಿ ಎಚ್ಚರಿಸುತ್ತದೆ. ಆದರೆ ಆ ಗೆರೆಗಳು ಚಳಿಯಲ್ಲಿ ತಿಂದ ಪೆಟ್ಟಿನ ಗುರುತು; ಈ ಕಬ್ಬಿಣ ಬಾಗುವುದಿಲ್ಲ, ಒಮ್ಮೆಗೇ ಒಡೆಯುತ್ತದೆ ಅನ್ನಿಸಿತು ಅವಳಿಗೆ. ಓಡುತ್ತಿದ್ದ ಲಿಫ್ಟಿನ ಕೊಂಡಿಯೂ ಅದೇ ಕಬ್ಬಿಣದ್ದು.

“ಹೊಸ ಕೊಂಡಿ ಬರೋವರೆಗೆ ಅದರಲ್ಲಿ ಅದಿರು ಮಾತ್ರ. ಜನ ಬೇಡ,” ಎಂದು ಹಟ ಹಿಡಿದಳು. ಮೇಲಧಿಕಾರಿ ಗೊಣಗುತ್ತಲೇ ಒಪ್ಪಿದ.

ಗಣಿಯವರೆಲ್ಲ ಏಣಿ ಹತ್ತಿಳಿಯಬೇಕಾಯಿತು. ಮಂಡಿನೋವಿನ ಶಾಪಗಳೆಲ್ಲ ಅವರ ಜೊತೆಯಲ್ಲೇ ದುಡಿಯುತ್ತಿದ್ದ ಎವರ್ಟ್‌ನ ಕಿವಿಗೇ ಬೀಳುತ್ತಿದ್ದವು. ಗಂಡಹೆಂಡಿರ ಮಾತು ನಿಂತಿತು. ಒಂದು ಬೆಳಗ್ಗೆ ಬೂಟು ಕಟ್ಟುತ್ತ ಅವನೆಂದ: “ಸಾಕಾಯ್ತು. ಇವತ್ತು ಅದಿರಿನ ಮೇಲೆ ಕೂತೇ ಮೇಲೆ ಬರ್ತೀನಿ. ಅದ್ಹೇಗೆ ಒಡೆಯುತ್ತೆ, ನೋಡೇಬಿಡ್ತೀನಿ.”

ಪಾಳಿ ಮುಗಿಯುವಾಗ ಬಂದೂಕು ಹಾರಿದಂಥ ಸದ್ದಾಯಿತು. ಆಮೇಲೆ ಆಳದಲ್ಲೆಲ್ಲೋ ನೆಲ ಗುಡುಗಿತು. ಸಿಗ್ನೆ ಕೋಟಿಲ್ಲದೆ ಓಡಿದಳು. ಗಣಿಯ ಬಾಯಲ್ಲಿ ಹಗ್ಗದ ತುದಿ ಬರಿದಾಗಿ ತೂಗುತ್ತಿತ್ತು. ಏಣಿಯ ಬಾಗಿಲಿನಿಂದ ಒಬ್ಬೊಬ್ಬರೇ ಹೊರಬಂದರು. ಬೋರಿಯೆ ಬಂದ. ಎಲ್ಲರ ಹಿಂದೆ, ಮುಖವೆಲ್ಲ ಧೂಳಾದ ಎವರ್ಟ್.

ಅವಳು ಅವನ ಕೆನ್ನೆಗೆ ಬಾರಿಸಿದಳು. ಆಮೇಲೆ ಅವನ ಕಾಲರು ಹಿಡಿದು ಅತ್ತಳು.

“ಲಿಫ್ಟಿಗೆ ಒಂದು ಕಾಲು ಇಟ್ಟಿದ್ದೆ ಕಣೇ,” ಎಂದ ಅವನು. “ನೀನು ಸುಮ್ಸುಮ್ನೆ ಹೆದರೋಳಲ್ಲ ಅಂತ ನೆನಪಾಯ್ತು. ಇಳಿದುಬಿಟ್ಟೆ.”

*

“ಅಪ್ಪಾ, ಕುರ್ಚಿ ಸಾಲ್ತಿಲ್ಲ!” ಮಗಳು ಮಾರಿತ್ ಬಾಗಿಲಲ್ಲೇ ಎದುರಾದಳು. “ಇಷ್ಟು ಜನ ಬರ್ತಾರೆ ಅಂದ್ಕೊಂಡಿರ್ಲಿಲ್ಲ.”

ಒಳಗೆ ಗದ್ದಲವೋ ಗದ್ದಲ. ಅಂದು ಏಣಿ ಹತ್ತಿ ಬಂದವರು ಮಕ್ಕಳು ಮೊಮ್ಮಕ್ಕಳ ಸಮೇತ ಬಂದಿದ್ದರು. ಬೋರಿಯೆಯ ಸಂಸಾರವೇ ಎರಡು ಮೇಜು ಹಿಡಿದಿತ್ತು.

“ಚರ್ಚಿನೊಳಗಿನ ಬೆಂಚು ತರೋಣ, ಬಾರೋ,” ಎಂದ ಎವರ್ಟ್.

ಇಬ್ಬರು ಮುದುಕರು ಏದುಸಿರು ಬಿಡುತ್ತ ಬೆಂಚು ಹೊತ್ತು ತಂದರು. ಅದನ್ನು ನೆಲಕ್ಕಿಡುವಷ್ಟರಲ್ಲಿ ಬೋರಿಯೆಯ ಪುಟ್ಟ ಮೊಮ್ಮಗಳು, ಬಾಯ್ತುಂಬ ಕೇಕು ತುಂಬಿಕೊಂಡು, ಅದರ ನಟ್ಟನಡುವೆ ಹತ್ತಿ ಕೂತು ಕಾಲಾಡಿಸತೊಡಗಿದ್ದಳು.