ಪೂಜೆಯ ಬಂದೂಕು

ಬಂದೂಕನ್ನು ಎಲ್ಲಿಡಬೇಕೆಂದು ಯಾರೂ ಹೇಳದ್ದರಿಂದ ಅದು ಕೊಟ್ರಬಸಪ್ಪನ ತೊಡೆಯ ಮೇಲೇ ಉಳಿಯಿತು. ಕಾರಿನ ಹಿಂದಿನ ಸೀಟಿನಲ್ಲಿ ಅದರ ಉದ್ದಕ್ಕೆ ಜಾಗವಿರಲಿಲ್ಲ. ನಳಿಗೆಯ ತುದಿ ಕಿಟಕಿಯಿಂದ ಹೊರಗೆ ಚಾಚಿತ್ತು. ಎದುರಿಗೆ ಬಂದ ಗಾಡಿಯವರು ಅದನ್ನು ಕಂಡು ಎತ್ತುಗಳನ್ನು ದಾರಿಯಿಂದ ಕೆಳಗಿಳಿಸಿ ನಿಂತರು. ಒಬ್ಬ ಕೈ ಮುಗಿದ.

“ಶಿಕಾರಿಗೆ ಹೊರಟ ದೊರೆಗಳು ಅಂದುಕೊಂಡ,” ಎಂದು ಮುಂದಿನ ಸೀಟಿನಿಂದ ಕಂಪನಿಯ ಮ್ಯಾನೇಜರ್ ನಕ್ಕರು. ಆಮೇಲೆ ನಗಬಾರದಿತ್ತೆಂದು ನೆನಪಾಗಿ ಕೆಮ್ಮಿದರು.

“ಖಾಲಿ ಐತಿಲ್ರಿ?” ಎಂದ ಡ್ರೈವರ್.

ಮ್ಯಾನೇಜರ್ ಕಿಟಕಿಯ ಹೊರಗೆ ನೋಡತೊಡಗಿದರು.

ಪೊಲೀಸರು ಆಕಸ್ಮಿಕವೆಂದು ತೀರ್ಮಾನಿಸಿ ಬಂದೂಕನ್ನು ಸಿನಿಮಾ ತೆಗೆಯುತ್ತಿದ್ದ ಟಾಕಿ ಕಂಪನಿಗೆ ಮರಳಿಸಿದ್ದರು. ಕಂಪನಿ ಅದನ್ನು ಬಂಡ್ರಿಗೆ, ಉಚ್ಚೆಂಗಪ್ಪನ ಮನೆಗೆ ಮರಳಿಸಬೇಕಾಗಿತ್ತು. ಉಚ್ಚೆಂಗಪ್ಪ ಅದರಿಂದಲೇ ಸತ್ತಿದ್ದ. ಹಂಪಿಯ ಬಂಡೆಗಳ ನಡುವೆ, ಕ್ಯಾಮೆರಾ ತಿರುಗುತ್ತಿದ್ದಾಗ. ಗುಂಡು ಹಾರಿಸಿದ ಬೆರಳು ಕೊಟ್ರಬಸಪ್ಪನದು.

ಕಥೆಯಲ್ಲಿ ಅವನು ಪಾಳೆಗಾರನಿಗೆ ದ್ರೋಹ ಬಗೆಯುವ ದಿವಾನ. ಉಚ್ಚೆಂಗಪ್ಪ ಪಾಳೆಗಾರನ ಕಡೆಯ ಹೆಸರಿಲ್ಲದ ಸಿಪಾಯಿ. ದಿವಾನ ಗುರಿಯಿಡಬೇಕು, ಸಿಪಾಯಿ ಬೀಳಬೇಕು. ಬಿದ್ದ. ಡೈರೆಕ್ಟರು “ಶಹಬ್ಬಾಸ್” ಎಂದು ಕೂಗಿದ್ದರು.

ಅಂದಿನಿಂದ ಎಲ್ಲರೂ ಕೊಟ್ರಬಸಪ್ಪನನ್ನು ಸಮಾಧಾನ ಮಾಡುತ್ತಿದ್ದರು. ಹೊಸಪೇಟೆಯ ಬಿಡಾರದಲ್ಲಿ ಅವನಿಗೆ ಮೊದಲ ಕಾಫಿ ಬರುತ್ತಿತ್ತು. ನಟನ ಕೆಲಸ ನಟಿಸುವುದು, ನಿಮ್ಮ ತಪ್ಪಿಲ್ಲ, ಎಂದರು ಡೈರೆಕ್ಟರು. ಮರದ ಬಂದೂಕುಗಳಿಗೆ ಮಾತ್ರ ತಾನು ಜವಾಬ್ದಾರ, ನಿಜವಾದದ್ದು ತನ್ನ ಸಾಮಾನೇ ಅಲ್ಲ, ಎಂದ ಸಾಮಾನಿನವನು. ಟವೆಲ್ಲಿನಲ್ಲಿ ಸುತ್ತಿ ಕೊಟ್ಟದ್ದನ್ನು ಬಿಚ್ಚದೆ ತಂದಿದ್ದೆ, ಎಂದ ಡ್ರೈವರ್. ಒಬ್ಬೊಬ್ಬರಾಗಿ ಕೈ ತೆಗೆದ ಮೇಲೆ ಉಳಿದದ್ದು ಬಂದೂಕು ಮಾತ್ರ. ಯಾರಾದರೂ ತನ್ನನ್ನು ಕೊಲೆಗಾರನೆಂದು ಕರೆಯಲಿ ಎಂದು ಕೊಟ್ರಬಸಪ್ಪ ಕಾದ. ಕಾಫಿ ಬಂತು.

“ನೀವು ಈ ಸೀಮೆಯವರು,” ಎಂದರು ಮ್ಯಾನೇಜರ್. “ಒಂದೆರಡು ಮಾತಾಡಿ. ಹೆಚ್ಚು ಬೇಡ.”

ಈ ಸೀಮೆಯವನು. ಜಾಹೀರಾತಿನಲ್ಲಿ ಅವನ ಹೆಸರು ಮಿಸ್ಟರ್ ಬಸಪ್ಪ, ಬಿ.ಎ. ಎಂದಿತ್ತು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ತಂದೆ ಆ ಜಾಹೀರಾತನ್ನು ಮಡಚಿ ಅಡಿಕೆ ಹೋಳು ಕಟ್ಟಿಕೊಂಡಿದ್ದರು.

ಗುಂಡು ಹಾರಿದ ಆ ದಿನ ಆಯುಧಪೂಜೆ. ಮರದ ಬಂದೂಕು ಕ್ಯಾಮೆರಾದಲ್ಲಿ ಮರದಂತೆಯೇ ಕಾಣುತ್ತದೆಂದು ಡೈರೆಕ್ಟರು ರೇಗಿದ್ದರು. ಉಚ್ಚೆಂಗಪ್ಪ ಬಂಡೆಯ ಮೇಲಿಂದ, “ನಮ್ಮ ಮನ್ಯಾಗ ಒಂದೈತ್ರಿ, ನಾನೇ ತೊಳದಿಟ್ಟು ಬಂದೀನಿ,” ಎಂದಿದ್ದ. ಕಾರು ಹೋಯಿತು. ಬಂದೂಕು ಬಂತು. ಮದ್ದಿಲ್ಲದೆ ಕೇಪು ಮಾತ್ರ ಸಿಡಿಸುವುದು, ಸದ್ದನ್ನು ಆಮೇಲೆ ಪಟಾಕಿಯಿಂದ ಹಿಡಿಯುವುದು ಎಂದು ಗೊತ್ತಾಗಿತ್ತು. ಟವೆಲ್ ಬಿಚ್ಚಿದಾಗ ಬಂದೂಕಿನ ಹಿಡಿಯ ಮೇಲೆ ಅಂಗೈಯಗಲ ಕುಂಕುಮವಿತ್ತು.

“ಆ ಕಲೆ ಕಪ್ಪಗೆ ಬೀಳುತ್ತೆ. ತೆಗೀರಿ,” ಎಂದರು ಡೈರೆಕ್ಟರು. ಯಾರಿಗೆ ಹೇಳಿದರೋ. ಕೊಟ್ರಬಸಪ್ಪ ತನ್ನ ಕರ್ಚೀಫಿನಿಂದ ಒರೆಸಿದ. ಎಣ್ಣೆಯಲ್ಲಿ ಕಲಸಿದ್ದು, ಬೇಗ ಹೋಗಲಿಲ್ಲ. ಎಂಜಲು ಹಚ್ಚಿ ತಿಕ್ಕಿದ.

ತಿಕ್ಕುವಾಗ ಅವನಿಗೆ ಏನೋ ನೆನಪಾಗಿತ್ತು. ಗಿರಣಿಯ ತಕ್ಕಡಿ. ಪೂಜೆಯ ದಿನ ಅದರ ತಟ್ಟೆಗಳಲ್ಲಿ ಭತ್ತ ಸುರಿದಿರುತ್ತಿದ್ದರು. ಖಾಲಿ ಇಟ್ಟು ಕೈ ಮುಗಿಯಬಾರದು ಎನ್ನುತ್ತಿದ್ದರು ತಂದೆ. ಬೇಟೆಯವರ ಮನೆಯಲ್ಲೂ ಹಾಗೆಯೇ: ಗಂಡಸು ತೊಳೆದಿಟ್ಟ ಬಂದೂಕಿಗೆ ಪೂಜೆಯ ಬೆಳಿಗ್ಗೆ ಮನೆಯ ಹೆಂಗಸು ಮದ್ದು, ಗುಂಡು ತುಂಬುತ್ತಾಳೆ. ತುಂಬಿದ ಮೇಲೆ ಕುಂಕುಮ ಹಚ್ಚುತ್ತಾಳೆ. ಮಾರನೆಯ ದಿನ ಬನ್ನಿ ಮುಡಿದು ಊರ ಹೊರಗೆ ಅದನ್ನು ಆಕಾಶಕ್ಕೆ ಹಾರಿಸುವ ತನಕ ಆ ಕುಂಕುಮವನ್ನು ಯಾರೂ ಮುಟ್ಟುವುದಿಲ್ಲ. ಇದೆಲ್ಲ ಅವನಿಗೆ ಗೊತ್ತಿತ್ತು. ಮದರಾಸಿನಲ್ಲಿ ಗೆಳೆಯರಿಗೆ ಹೇಳಿ ನಗಿಸಿಯೂ ಇದ್ದ. ನೆನಪಾದದ್ದು ಏನೆಂದು ಕೇಳಿಕೊಳ್ಳುವಷ್ಟು ವೇಳೆ ಇರಲಿಲ್ಲ, ಬೆಳಕು ಹೋಗುತ್ತಿತ್ತು.

ತಾಲೀಮಿನಲ್ಲಿ ಉಚ್ಚೆಂಗಪ್ಪ ಅವನ ಎದುರಿಗೇ ನಿಂತಿದ್ದ. ಕುಂಕುಮವಿದ್ದಿದ್ದರೆ ನೋಡುತ್ತಿದ್ದ. ಇರಲಿಲ್ಲ. ತಾನಿಲ್ಲದ ಮನೆಯಲ್ಲಿ ಪೂಜೆಯೂ ಆಗಿಲ್ಲ, ಮದ್ದೂ ತುಂಬಿಲ್ಲ ಅಂದುಕೊಂಡಿರಬೇಕು. “ಎದಿಗೇ ಹಿಡೀರಿ ಸಾಹೇಬ್ರ,” ಎಂದಿದ್ದ. “ನಾ ಮಸ್ತ್ ಬೀಳ್ತೀನಿ.”

ಕಾರು ನಿಂತಿತು.

ಮನೆಯ ಕಟ್ಟೆಯ ಮೇಲೆ ಉಚ್ಚೆಂಗಪ್ಪನ ತಾಯಿ ಹೊಳೆಮ್ಮ ಕೂತಿದ್ದಳು. ಬದಿಗೆ ನೆರೆಮನೆಯ ಹೊನ್ನೂರಮ್ಮ. ಕಾರಿನ ಸದ್ದಿಗೆ ಇನ್ನೂ ನಾಲ್ಕು ಜನ ಬಂದು ಗೋಡೆಗೆ ಆತು ನಿಂತರು.

“ಬರ್ರಿ, ಕುಂದ್ರಿ,” ಎಂದಳು ಹೊಳೆಮ್ಮ. “ಮಗನ್ನ ಒಯ್ದು ಬಂದೂಕ ತಂದೀರಿ. ಭಾಳ ನ್ಯಾಯವಂತರು.”

“ಎಲ್ಲಾ ಭಗವಂತನ ಇಚ್ಛೆ ತಾಯಿ,” ಎಂದರು ಮ್ಯಾನೇಜರ್.

“ಅವನ ಮ್ಯಾಲ್ಯಾಕ ಹಾಕ್ತೀರಪ್ಪಾ? ಅವ ಬಂದು ಮದ್ದು ತುಂಬಿದ್ನೇನು? ತುಂಬಿದಾಕಿ ಒಳಗ ಕುಂತಾಳ.”

ಒಳಗಿದ್ದವಳು ಬಾಗಿಲಿಗೆ ಬಂದಳು. ಉಚ್ಚೆಂಗಪ್ಪನ ಹೆಂಡತಿ ಭರಮಮ್ಮ. ಬಗಲಲ್ಲಿ ಕೂಸು. ಅವಳು ಬಂದೂಕಿನ ಕಡೆ ನೋಡಲಿಲ್ಲ, ಕೊಟ್ರಬಸಪ್ಪನನ್ನೇ ನೋಡಿದಳು.

“ನೀವು ಕಂಪ್ಲಿ ಗಿರಣಿಯವರ ಮಗ ಅಲ್ಲೇನ್ರಿ?”

“ಹೌದು.”

“ಹಂಗಾದ್ರ ನಿಮಗ ತಿಳಿತೈತಿ. ಬಂದೂಕ ನಿಮ್ಮ ಕೈಗೆ ಬಂದಾಗ ಕುಂಕುಮ ಇತ್ತಿಲ್ರಿ?”

ಮ್ಯಾನೇಜರ್ ತಮ್ಮ ಟೋಪಿಯ ಒಳಭಾಗವನ್ನು ಪರೀಕ್ಷಿಸತೊಡಗಿದರು.

“ಬಿಡವ್ವಾ,” ಎಂದಳು ಹೊನ್ನೂರಮ್ಮ. “ಗಂಡ ಊರಾಗಿಲ್ಲ ಅಂತ ಚಿತ್ತ ಎಲ್ಲೋ ಇತ್ತು ನಿಂದು. ಮರ್ತಿ. ಹಚ್ಚಿದ್ರ ಅವನ ಕಣ್ಣಿಗೆ ಬೀಳ್ತಿದ್ದಿಲ್ಲೇನು?”

“ಹಚ್ಚೀನಿ.”

“ಹಚ್ಚೀಯೋ ಇಲ್ಲೋ ಸಂಜೀಕ ಪಂಚರು ಹೇಳ್ತಾರ,” ಎಂದಳು ಹೊಳೆಮ್ಮ. “ಹಚ್ಚಿಲ್ಲ ಅಂದ್ರ ಕೂಸು ಇಲ್ಲಿ, ನೀ ತವರಿಗೆ. ಮಗನ್ನ ತಿಂದಾಕಿ ಕೈಯಾಗ ಮೊಮ್ಮಗನ್ನ ಬಿಡಾಕಿ ಅಲ್ಲ ನಾನು.”

ಭರಮಮ್ಮ ಅದನ್ನು ಮೊದಲೇ ಬಹಳ ಸಲ ಕೇಳಿದ್ದಂತೆ ಕೂಸನ್ನು ಇನ್ನೊಂದು ಬಗಲಿಗೆ ಹಾಕಿಕೊಂಡಳು. “ನೀವು ಹೇಳ್ರಿ,” ಎಂದಳು.

“ಮಿಸ್ಟರ್ ಬಸಪ್ಪ,” ಎಂದರು ಮ್ಯಾನೇಜರ್, ಮೆಲ್ಲಗೆ.

“ಇತ್ತು,” ಎಂದ ಕೊಟ್ರಬಸಪ್ಪ.

ತನ್ನ ದನಿ ಚೆನ್ನಾಗಿ ಬಂತು ಎನಿಸಿತು. ಭರಮಮ್ಮನ ಮುಖದಲ್ಲಿ ಏನೋ ಸಡಿಲವಾಯಿತು. ಗೋಡೆಗೆ ಆತವರ ಕಡೆ ತಿರುಗಿದಳು. “ಕೇಳಿದ್ರಿಲ್ಲ? ಇತ್ತಂತ.”

“ಇತ್ತಂದ್ರ ಎಲ್ಲಿ ಹೋತು?” ಹೊಳೆಮ್ಮ ಕೇಳಿದಳು. “ರೆಕ್ಕಿ ಬಂದು ಹಾರಿತೇನು? ಸಾಹೇಬ್ರು ಮೆತ್ತನ ಮಂದಿ, ನಿನ್ನ ಮಾರಿ ನೋಡಿ ಹೇಳ್ತಾರ.”

“ದಾರಿಯಲ್ಲಿ ಟವೆಲ್ ತಾಗಿ ಅಳಿಸಿರಬಹುದು,” ಎಂದರು ಮ್ಯಾನೇಜರ್.

“ಹಂಗ ಅಳಿಸೋದಲ್ರಿ ಅದು,” ಎಂದಳು ಭರಮಮ್ಮ. “ಎಣ್ಣಿ ಹಾಕಿ ಕಲಸಿದ್ದು. ಕೂತು ತಿಕ್ಕಬೇಕು.” ಮತ್ತೆ ಅವನ ಕಡೆ ತಿರುಗಿದಳು. “ಯಾರು ಒರಸಿದ್ರಿ?”

ಉತ್ತರ ಒಂದೇ ಶಬ್ದದ್ದು. ಅದು ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಇಲ್ಲಿಗೆ ಬರುವ ದಾರಿಯುದ್ದಕ್ಕೂ ಅವನು ಬಯಸಿದ್ದು ಇದನ್ನೇ: ಯಾರಾದರೂ ಕೇಳಲಿ ಎಂದು. ಗೋಡೆಗೆ ಆತವರು ಕಾದರು. ಎಲ್ಲಿಂದಲೋ ಒಂದು ಕೋಳಿ ಬಂದು ಮ್ಯಾನೇಜರ್ ಬೂಟಿನ ಲಾಡಿಯನ್ನು ಕುಕ್ಕಿತು.

“ಅಲ್ಲಿ ಬಹಳ ಜನ ಇದ್ದರು,” ಎಂದ ಕೊಟ್ರಬಸಪ್ಪ.

ಭರಮಮ್ಮ ತಲೆಯಾಡಿಸಿದಳು, ಸಂತೆ ಮುಗಿಯಿತೆಂದು ಯಾರೋ ಹೇಳಿದ ಹಾಗೆ. ಕೂಸನ್ನು ಕೆಳಗಿಳಿಸಿ ಅವನ ಕೈಯಿಂದ ಬಂದೂಕು ತೆಗೆದುಕೊಂಡಳು. ಮದ್ದು ಜಡಿಯುವ ಗಜದ ಕಡ್ಡಿಯನ್ನು ಕಿತ್ತು ನಳಿಗೆಯೊಳಗೆ ಬಿಟ್ಟಳು. ಕಡ್ಡಿ ತಳದವರೆಗೆ ಜಾರಿ ಕಬ್ಬಿಣಕ್ಕೆ ಕಬ್ಬಿಣ ತಾಗಿ ಟಣ್ ಎಂದಿತು.

“ಖಾಲಿ ಐತಿ,” ಎಂದಳು, ಯಾರಿಗೂ ಅಲ್ಲ.

ಅದನ್ನು ತಿಳಿಯಲು ಅವಳಿಗೆ ಒಂದು ಉಸಿರಿನಷ್ಟು ಹೊತ್ತೂ ಬೇಕಾಗಿರಲಿಲ್ಲ.

ಮರಳುವ ದಾರಿಯಲ್ಲಿ ಮ್ಯಾನೇಜರ್, “ಚೆನ್ನಾಗಿ ನಿಭಾಯಿಸಿದಿರಿ,” ಎಂದರು. ಸಂಡೂರಿನ ಗುಡ್ಡಗಳು ಒಂದರ ಹಿಂದೊಂದು ಸರಿದವು. ಖಾಲಿಯಾದ ತೊಡೆಯ ಮೇಲೆ ಕೊಟ್ರಬಸಪ್ಪನಿಗೆ ಕೈ ಇಡಲಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಂಪಿ ಬಂತು.

ಕಂಪನಿ ಪಾಠ ಕಲಿತಿತ್ತು. ಇನ್ನು ಮುಂದೆ ಮರದ ಬಂದೂಕು ಮಾತ್ರ. ಸಾಮಾನಿನವನು ಅದಕ್ಕೆ ಹೊಸದಾಗಿ ಬಣ್ಣ ಬಳಿದು ತಂದು ಎರಡು ಕೈಯಿಂದ ಕೊಟ್ಟ. ಹಗುರವಾಗಿತ್ತು. ಸಿಪಾಯಿ ಬಿದ್ದ ಮೇಲೆ ದಿವಾನ ಹತ್ತಿರ ಬಂದು ಹೆಣವನ್ನು ನೋಡುವ ದೃಶ್ಯ ಬಾಕಿಯಿತ್ತು. ಆ ದಿನ ಅದನ್ನು ತೆಗೆಯಲಾಗಿರಲಿಲ್ಲ.

ಉಚ್ಚೆಂಗಪ್ಪನ ಜಾಗದಲ್ಲಿ ಕುರೆಕುಪ್ಪದ ಮುದುಕಪ್ಪನೆಂಬ ಕೂಲಿಯಾಳನ್ನು ಮಲಗಿಸಿದ್ದರು. ಬಂಡೆಯನ್ನು ತೊಳೆದಿದ್ದರು. ಕೊಟ್ರಬಸಪ್ಪ ಅವನ ಪಕ್ಕಕ್ಕೆ ಹೋಗಿ ನಿಂತ.

“ಬಂಡ್ರಿಗೆ ಹೋಗಿದ್ರಂತಲ್ರಿ,” ಎಂದ ಮುದುಕಪ್ಪ, ಕಣ್ಣು ಮುಚ್ಚಿಕೊಂಡೇ. “ಸಂಜೀಕ ಪಂಚರು ಕೂಡಿ ಆಕೀನ ತವರಿಗೆ ಕಳಸ್ತಾರಂತ ಮಂದಿ ಆಗಲೇ ಆಡ್ತಾರ. ಕುಂಕುಮ ಹಚ್ಚಿದ್ದೇ ಇಲ್ಲಂತ. ಎಂಥಾ ಹೆಂಗಸ್ರಿ!”

“ಅದು…” ಎಂದ ಕೊಟ್ರಬಸಪ್ಪ.

“ಹೆಣ ಮಾತಾಡಬಾರದು!” ಡೈರೆಕ್ಟರು ಅಟ್ಟಣಿಗೆಯ ಮೇಲಿಂದ ಕೂಗಿದರು. ಸುತ್ತ ನಿಂತವರೆಲ್ಲ ನಕ್ಕರು. ಮುದುಕಪ್ಪನ ಹೊಟ್ಟೆಯೂ ನಗುವಿಗೆ ಕುಲುಕಿತು.

ಅಟ್ಟಣಿಗೆಯ ಆಚೆ ಕಾರು ಬಾಗಿಲು ತೆರೆದುಕೊಂಡು ನಿಂತಿತ್ತು. ಡ್ರೈವರ್ ನೆರಳಲ್ಲಿ ಬೀಡಿ ಸೇದುತ್ತಿದ್ದ. ಈಗ ಹೊರಟರೂ ಪಂಚರು ಕೂಡುವ ಹೊತ್ತಿಗೆ ಬಂಡ್ರಿ ಮುಟ್ಟಬಹುದಿತ್ತು.

“ಮಿಸ್ಟರ್ ಬಸಪ್ಪ, ನಿಮ್ಮ ನೆರಳು ಹೆಣದ ಮುಖದ ಮೇಲೆ ಬೀಳ್ತಿದೆ. ಸ್ವಲ್ಪ ಸರೀರಿ.”

ಕೊಟ್ರಬಸಪ್ಪ ಕಾರಿನ ಕಡೆಗೆ ಕಾಲೆತ್ತಿದ.

“ಸರೀಬ್ಯಾಡ್ರಿ ಸಾಹೇಬ್ರ,” ಎಂದ ಮುದುಕಪ್ಪ, ತುಟಿ ಅಲುಗಿಸದೆ. “ಕಲ್ಲು ಕಾದು ಬೆಂಕಿ ಆಗೈತಿ. ಅಲ್ಲೇ ನಿಂದರ್ರಿ. ನಿಮ್ಮ ನೆಳ್ಳು ಭಾಳ ತಂಪೈತಿ.”

ಮೇಲಿಂದ ಮತ್ತೆ ಕೂಗಿದರು. ಎತ್ತಿದ ಕಾಲು ಇದ್ದಲ್ಲಿಯೇ ಇಳಿಯಿತು. ಅವನ ನೆರಳು ಸತ್ತವನ ಅಂಗಿ ತೊಟ್ಟವನ ಮುಖ ದಾಟಿ, ಕುತ್ತಿಗೆಗಿಳಿದು, ಎದೆಯ ಮೇಲೆ ಬಳಿದ ಬಣ್ಣದ ತನಕ ಹಬ್ಬಿತು. ಅದರಡಿಯಲ್ಲಿ ಆ ಮನುಷ್ಯ ಹಾಯಾಗಿ ಉಸಿರಾಡತೊಡಗಿದ.