ನಲವತ್ತು ಸೆಕೆಂಡಿನ ನೀರಿನ ಮಾತು

"ಕತ್ತರಿಸೋದಾದ್ರೆ ನೀರಿನ ಮಾತು ಕತ್ತರಿಸು. ನಮ್ಮಮ್ಮನ ಹೆಸರಿಗೆ ಕೈ ಹಾಕಿದ್ಯೋ, ನೋಡು ಮತ್ತೆ," ಎಂದು ಲಿಯೋನಿಲಾ ಮೈಕಿನೆದುರು ಬಿಗಿಯಾಗಿ ಕೂತಳು.

ರೇಡಿಯೊ ನಡೆಸುವ ಎಡ್ವಿನ್ ತಲೆ ಕೆರೆದುಕೊಂಡ. ಆರೋಗ್ಯ ಕೇಂದ್ರದಿಂದ ಬಂದ ಸ್ಪ್ಯಾನಿಷ್ ಪ್ರಕಟಣೆ ಇದ್ದದ್ದೇ ಒಂದು ಸಾಲು: ಹೊಳೆಯ ನೀರನ್ನು ಕುದಿಸಿ ಕುಡಿಯಿರಿ. ಅದನ್ನು ಹೊಳೆದಂಡೆಯ ಜನರ ಕುಕಾಮಾ ಮಾತಿನಲ್ಲಿ ಹೇಳಲು ಸಿಕ್ಕಿದ್ದು ನಲವತ್ತು ಸೆಕೆಂಡು. ಈ ಅಜ್ಜಿಯೋ, ತಾನು ಯಾರ ಮಗಳು, ಯಾವ ದಂಡೆಯಲ್ಲಿ ಹುಟ್ಟಿದವಳು, ಅಜ್ಜ ಎಂಥ ಮೀನು ಹಿಡಿಯುತ್ತಿದ್ದ ಎನ್ನುವಷ್ಟರಲ್ಲೇ ಮೂವತ್ತೈದು ಸೆಕೆಂಡು ತಿಂದಿದ್ದಳು.

"ಅಲ್ಲಜ್ಜಿ, ಭೇದಿ ನಿಲ್ಸೋಕೆ ನಿಮ್ಮಜ್ಜನ ಮೀನು ಯಾಕೆ?"

"ಯಾರೋ ನಿನ್ನ ಮನೆಗೆ ನುಗ್ಗಿ, ತಾನ್ಯಾರು ಅಂತಲೂ ಹೇಳ್ದೆ, ನೀರು ಕುದಿಸು ಅಂದ್ರೆ ಕುದಿಸ್ತೀಯೇನಪ್ಪ? ಹೋಗಯ್ಯ ಅಂತೀಯ. ನಮ್ಮಕ್ಕ ಮಾಡ್ತಿರೋದೂ ಅದೇ."

ಅಕ್ಕ ದೆಲ್ಮೀರಾಳ ಮನೆ ಹೊಳೆಯ ಮೇಲಕ್ಕೆ, ದೋಣಿಯಲ್ಲಿ ಅರ್ಧ ದಿನದ ದಾರಿ. ಸ್ಪ್ಯಾನಿಷ್ ಶುರುವಾಯಿತೆಂದರೆ ಅವಳು ರೇಡಿಯೊದ ಕಿವಿ ಹಿಂಡಿ ಬಾಯಿ ಮುಚ್ಚಿಸುತ್ತಿದ್ದಳು. ಲಿಯೋನಿಲಾ ಖುದ್ದು ಹೋಗಿ ಹೇಳಿದ್ದಕ್ಕೆ, "ನಿನ್ನ ಮೂಗು ಒರೆಸಿದವಳಿಗೇ ಬುದ್ಧಿ ಹೇಳ್ತೀಯಾ?" ಎಂದು ಸಾಗಹಾಕಿದ್ದಳು. ಅಷ್ಟರಲ್ಲಿ ಅಕ್ಕನ ಮೊಮ್ಮಗಳ ಕೂಸು ಎರಡು ಸಲ ಭೇದಿಯಾಗಿ ಕಡ್ಡಿಯಂತಾಗಿತ್ತು. ಕಣ್ಣು ಗುಳಿಬಿದ್ದಿತ್ತು. ಮೂರನೆಯ ಸಲ ಅದು ತಡೆದುಕೊಳ್ಳಲಾರದು.

ಅವಳು ಅದನ್ನಷ್ಟೂ ಹೇಳಿದ ಮೇಲೆ ಎಡ್ವಿನ್ ಭಾನುವಾರದ ಬೆಳಗಿನ ಹಾಡೊಂದನ್ನು ಅರ್ಧಕ್ಕೆ ಮೊಟಕು ಮಾಡಿ, ಅವಳ ಮಾತಿಗೆ ಜಾಗ ಮಾಡಿದ. "ಹೇಳಿ ಅಜ್ಜಿ. ಮೀನನ್ನೂ ಬಿಡಬೇಡಿ," ಎಂದ.

ಭಾನುವಾರ ಬೆಳಿಗ್ಗೆ ಲಿಯೋನಿಲಾ ಅಕ್ಕನ ಮನೆಯಲ್ಲೇ ಇದ್ದಳು. ಇಬ್ಬರೂ ಮರಗೆಣಸು ಸುಲಿಯುತ್ತಿದ್ದಾಗ ರೇಡಿಯೊದಲ್ಲಿ, ಮೊದಲೇ ಮುದ್ರಿಸಿಟ್ಟಿದ್ದ ಲಿಯೋನಿಲಾಳ ದನಿ ಬಂತು. ಅಮ್ಮನ ಹೆಸರು ಕೇಳಿದ್ದೇ ತಡ, ದೆಲ್ಮೀರಾ ಕತ್ತಿ ಕೆಳಗಿಟ್ಟಳು. ಅಜ್ಜನ ಮೀನಿನ ಹೊತ್ತಿಗೆ ಎದ್ದುಹೋಗಿ, ಬಂದ ನೆಂಟರಿಗೆ ಕೊಡುವ ಹಾಗೆ ಒಂದು ಬಟ್ಟಲು ಮಸಾತೊ, ಮರಗೆಣಸಿನ ಹುಳಿಗಳ್ಳು, ತುಂಬಿ ತಂದು, ರೇಡಿಯೊದ ಮುಂದಿಟ್ಟಳು.

"ಅಕ್ಕಾ, ನಾನು ಇಲ್ಲೇ ಇದೀನಲ್ಲೇ..."

"ಸುಮ್ನಿರೇ. ನನ್ನ ತಂಗಿ ಮಾತಾಡ್ತಿದಾಳೆ."

ಲಿಯೋನಿಲಾಗೆ ನಗು ಬಂತು, ಕಣ್ಣೂ ತುಂಬಿಬಂತು. ಇನ್ನೊಂದು ಮರಗೆಣಸು ಕೈಗೆತ್ತಿಕೊಂಡಳು. ದನಿ ನೀರಿನ ವಿಷಯಕ್ಕೆ ಬಂದಾಗ ದೆಲ್ಮೀರಾ ಒಂದೊಂದು ಮಾತಿಗೂ ಹೂಂಗುಟ್ಟಿದಳು. ಮುಗಿದ ಮೇಲೆ ಮೊಮ್ಮಗಳ ಕಡೆ ತಿರುಗಿ, "ಕೇಳಿಸ್ತೇನೇ? ದೊಡ್ಡ ಪಾತ್ರೆ ಒಲೆ ಮೇಲಿಡು," ಎಂದಳು.

ಮಗು ತೂಗುಮಂಚದಲ್ಲಿ ಮಲಗಿತ್ತು. ಸ್ವಲ್ಪ ಹೊತ್ತಿಗೆ ಪಾತ್ರೆಯ ಮುಚ್ಚಳ ಮೆಲ್ಲಗೆ ಕುಣಿಯತೊಡಗಿತು.